ಅಂಟು, ನಂಟು ಮತ್ತು ಒಂದು ಸಹಿ

ಇತ್ತೀಚೆಗೆ ಯಾವ ಸಭೆಗೆ ಹೋದರೂ ಭಾಷಣಕಾರರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಬಾಂಧವ್ಯಗಳು ಸಡಿಲವಾಗುತ್ತಿವೆ. ಶಾಲೆಯ ವಾರ್ಷಿಕೋತ್ಸವವಿರಲಿ, ಮಹಿಳಾ ದಿನಾಚರಣೆಯಿರಲಿ, ಮದುವೆಮನೆಯಲ್ಲಿ ಎಲೆ ಹಾಕುವ ತನಕದ ಹರಟೆಯೇ ಇರಲಿ, ಅದೇ ರಾಗ. ಕೂಡುಕುಟುಂಬ ಹೋಯಿತು, ಹಳ್ಳಿಯ ಸಾಮರಸ್ಯ ಹೋಯಿತು, ಅಣ್ಣತಂಗಿಯರ ಪ್ರೀತಿ ಹೋಯಿತು. ಯಾಕೆ ಹೋಯಿತು ಎಂದು ಕೇಳಿ ನೋಡಿ, ಮಾತು ಸುತ್ತಿ ಬಳಸಿ ಕೊನೆಗೆ ಬಂದು ನಿಲ್ಲುವುದು ನಮ್ಮ ಬಾಗಿಲಿಗೇ. ಹೆಣ್ಣುಮಕ್ಕಳು ಓದಿದರು, ಕೆಲಸಕ್ಕೆ ಹೋದರು, ಕೈಗೆ ಸಂಬಳ ಬಂತು, ಹೊಂದಿಕೊಳ್ಳುವುದನ್ನು ಮರೆತರು. ಮುಂದಿನ ಸಾಲಿನಲ್ಲಿ ಕೂತ ನಾವೂ ತಲೆಯಾಡಿಸುತ್ತೇವೆ. ಆಮೇಲೆ ವಂದನಾರ್ಪಣೆ, ಒಂದು ಮೈಸೂರುಪಾಕು, ಒಂದು ಹಿಡಿ ಖಾರಾಬೂಂದಿ.

ಈ ತಲೆಯಾಡಿಸುವುದನ್ನು ನಾವು ನಿಲ್ಲಿಸಬೇಕು ಎನ್ನುವುದು ನನ್ನ ವಾದ. ಯಾಕೆಂದು ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

28 ವರ್ಷಗಳಿಂದ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿರುವವಳು ನಾನು. ಪದಗಳ ಗಂಟು ಬಿಚ್ಚಿ ನೋಡುವ ಚಾಳಿ ಹೋಗುವುದಿಲ್ಲ. ಬಂಧು, ಸಂಬಂಧ, ಬಾಂಧವ್ಯ ಇವೆಲ್ಲ ಎಷ್ಟು ಹಿತವಾದ ಮಾತುಗಳು! ಆದರೆ ಅದೇ ಧಾತುವಿನ ಹೊಟ್ಟೆಯಲ್ಲಿ ಬಂಧನವೂ ಹುಟ್ಟಿದೆ, ನಿರ್ಬಂಧವೂ ಹುಟ್ಟಿದೆ. ನಮ್ಮ ಅಚ್ಚಗನ್ನಡದ 'ಕಟ್ಟು' ಇನ್ನೂ ಸ್ವಾರಸ್ಯದ್ದು. ಮನೆ ಕಟ್ಟುತ್ತೇವೆ, ಹೂ ಕಟ್ಟುತ್ತೇವೆ, ತಾಳಿ ಕಟ್ಟುತ್ತಾರೆ, ಎಮ್ಮೆಯನ್ನೂ ಕಟ್ಟುತ್ತಾರೆ. ಕ್ರಿಯಾಪದ ಒಂದೇ. ಹೂವನ್ನು ಕಟ್ಟಿದ್ದೋ ಎಮ್ಮೆಯನ್ನು ಕಟ್ಟಿದ್ದೋ ಎಂದು ತಿಳಿಯಬೇಕಾದರೆ ಹಗ್ಗದ ಇನ್ನೊಂದು ತುದಿಯಲ್ಲಿ ಯಾರಿದ್ದಾರೆಂದು ನೋಡಬೇಕು. ಬಾಂಧವ್ಯ ಸಡಿಲವಾಯಿತೆಂದು ಗೋಳಾಡುವವರನ್ನು ನಾನು ಕೇಳಬೇಕೆಂದಿರುವುದು ಇಷ್ಟೇ: ಸ್ವಾಮಿ, ನೀವು ಹಗ್ಗದ ಯಾವ ತುದಿಯಲ್ಲಿದ್ದಿರಿ?

ನಮ್ಮ ಕಡೆಯವರಿಗೆ ಇದನ್ನು ರೇಷ್ಮೆಯ ಮೂಲಕ ಹೇಳಿದರೆ ಬೇಗ ತಿಳಿಯುತ್ತದೆ. ಅಂಬಾಜಿದುರ್ಗದ ಬೆಟ್ಟದ ಸುತ್ತ, ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳಲ್ಲಿ ಹಿಪ್ಪುನೇರಳೆಯ ಹೆಸರು ಕೇಳದ ಮನೆ ಇಲ್ಲ. ನಾನೂ ಹುಳು ಸಾಕುವ ಮನೆಯಲ್ಲೇ ಬೆಳೆದವಳು. ನಾಲ್ಕನೇ ಜ್ವರ ಎದ್ದ ಹುಳು ರಾತ್ರಿ ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಮಳೆ ಬಿದ್ದ ಹಾಗೆ ಕೇಳಿಸುತ್ತಿತ್ತು. ಹಣ್ಣಾದ ಹುಳು ಚಂದ್ರಿಕೆಯ ಮೇಲೆ ಕುಳಿತು ಬಾಯಿಂದ ಎಳೆ ತೆಗೆಯುತ್ತದಲ್ಲ, ಅದು ನಮ್ಮ ಕಣ್ಣಿಗೆ ಒಂದೇ ಎಳೆ. ನಿಜಕ್ಕೆ ಅದು ಎರಡು. ಎರಡು ನವಿರಾದ ಎಳೆಗಳನ್ನು ಒಂದು ಬಗೆಯ ಅಂಟು ಸುತ್ತಲೂ ಆವರಿಸಿ ಒಂದಾಗಿ ಹಿಡಿದಿರುತ್ತದೆ. ವಿಜ್ಞಾನದವರು ಎಳೆಗೆ ಫೈಬ್ರೊಯಿನ್ ಎಂದೂ ಅಂಟಿಗೆ ಸೆರಿಸಿನ್ ಎಂದೂ ಹೆಸರಿಟ್ಟಿದ್ದಾರೆ. ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಈ ಅಂಟೇ. ಗೂಡು ಗಟ್ಟಿಯಾಗಿ ನಿಲ್ಲುವುದು ಅದರಿಂದ.

ಗೂಡನ್ನು ಬಿಸಿನೀರಿಗೆ ಹಾಕಿದಾಗ ಅಂಟು ಮೆತ್ತಗಾಗಿ ಎಳೆಯ ತುದಿ ಬಿಡುತ್ತದೆ. ಏಳೆಂಟು ಗೂಡುಗಳ ಎಳೆಗಳನ್ನು ಕೂಡಿಸಿ ಎಳೆದರೆ, ಒಣಗುವಾಗ ಅದೇ ಅಂಟು ಎಲ್ಲವನ್ನೂ ಒಂದು ನೂಲಾಗಿ ಹಿಡಿದುಬಿಡುತ್ತದೆ. ಗಂಟಿಲ್ಲ, ಹೊರಗಿನ ಗೋಂದಿಲ್ಲ. ಈ ಕೆಲಸಕ್ಕೆ ನಮ್ಮಲ್ಲಿ ಬಿಚ್ಚಾಣಿಕೆ ಎನ್ನುತ್ತಾರೆ. ಹಲವು ಎಳೆಗಳನ್ನು ಒಂದು ಮಾಡುವ ಕೆಲಸಕ್ಕೆ ಬಿಚ್ಚುವ ಹೆಸರು! ಹೆಸರಿಟ್ಟವರು ಯಾರೋ, ತಿಳಿದವರೇ ಇರಬೇಕು. ಬಿಸಿನೀರಿನಲ್ಲಿ ದಿನವಿಡೀ ಕೈಯಾಡಿಸಿ ಅಂಗೈ ಸುಲಿಸಿಕೊಂಡ ಹೆಂಗಸರನ್ನು ಶಿಡ್ಲಘಟ್ಟದ ಓಣಿಗಳಲ್ಲಿ ಕಂಡವರಿಗೆ ಈ ನೂಲಿನ ಬೆಲೆ ಬೇರೆಯೇ ಆಗಿ ಕಾಣುತ್ತದೆ. ಆ ಮಾತು ಇನ್ನೊಂದು ಲೇಖನಕ್ಕಿರಲಿ.

ಮುಂದಿನದನ್ನು ಸೀರೆ ಉಡುವ ನಾವು ನೋಡಿರುವುದಿಲ್ಲ. ಬಣ್ಣ ಹಾಕುವ ಮೊದಲು ನೂಲನ್ನು ಸೋಪು, ಸೋಡಾ ಹಾಕಿದ ನೀರಿನಲ್ಲಿ ಕುದಿಸುತ್ತಾರೆ. ಅಂಟೆಲ್ಲ ಕರಗಿ ಹೋಗುತ್ತದೆ. ಅದು ಹೋಗದೆ ನಾವು ಬಯಸುವ ಹೊಳಪೂ ಬರುವುದಿಲ್ಲ, ನುಣುಪೂ ಬರುವುದಿಲ್ಲ. ಹುಳುವಿನ ಬಾಯಿಂದ ನೂಲಿನ ಲಡಿಯ ತನಕ ಯಾವುದು ಹಿಡಿದಿಟ್ಟಿತೋ ಅದು ಚರಂಡಿಗೆ, ಉಳಿದದ್ದು ಅಂಗಡಿಯ ಗಾಜಿನ ಕಪಾಟಿಗೆ.

'ಹೆಣ್ಣು ಸಂಸಾರವನ್ನು ಬೆಸೆಯುವ ಶಕ್ತಿ' ಎಂದು ಯಾರಾದರೂ ವೇದಿಕೆಯ ಮೇಲಿಂದ ಹೊಗಳಿದಾಗ ನನಗೆ ಈ ಸೆರಿಸಿನ್ ನೆನಪಾಗುತ್ತದೆ. ಬೆಸೆಯುವ ಕೆಲಸ ಇರುವ ತನಕ ನಾವು ಶಕ್ತಿ. ಹೊಳಪು ಹಂಚಿಕೊಳ್ಳುವ ಕಾಲ ಬಂದಾಗ ಮೊದಲು ಕುದಿನೀರು ಕಾಯುವುದು ನಮಗೇ.

ಇದು ಮನೆಯೊಳಗಿನ ಮಾತು ಮಾತ್ರವಲ್ಲ. ಬಾಂಧವ್ಯದ ಹೆಸರು ಹೇಳಿ ಇನ್ನೊಬ್ಬರ ಪಾಲು ಉಳಿಸಿಕೊಳ್ಳುವ ವಿದ್ಯೆ ನಮ್ಮ ಸಮಾಜಕ್ಕೆ ಹಳೆಯದು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಬೆಂಚಿನ ಮೇಲೆ ಇಲ್ಲದ ಮಕ್ಕಳನ್ನು ಹುಡುಕಿಕೊಂಡು ಹೋಗುತ್ತಿದ್ದೆವು. ಅಪ್ಪ ಮುಂಗಡ ತೆಗೆದುಕೊಂಡಿರುತ್ತಿದ್ದ, ಮಗು ನೂಲಿನ ಕೆಲಸಕ್ಕೋ ಯಾರದೋ ಮನೆಗೆಲಸಕ್ಕೋ ನಿಂತಿರುತ್ತಿತ್ತು. ಮುಂಗಡ ತೀರುವ ತನಕ ಬಿಡುವಂತಿಲ್ಲ, ತೀರುವುದೂ ಇಲ್ಲ. ಜೀತಪದ್ಧತಿ ರದ್ದಾಗಿ ಕಾಯ್ದೆ ಬಂದದ್ದು 1976ರಲ್ಲಿ. ಹಾಗಿದ್ದೂ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿರುವ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಒಂದು ವರದಿಯನ್ನೇ ಹೊರತರಬೇಕಾಯಿತು. ಕರ್ನಾಟಕವೂ ಅದರಲ್ಲಿ ಸೇರಿತ್ತು. ನಾವು ಹೋಗಿ ಕೇಳಿದಾಗ ಯಜಮಾನರು ಹೇಳುತ್ತಿದ್ದ ಮಾತು ಒಂದೇ: "ಏನು ಟೀಚರ್, ನಮ್ಮನೆ ಮಗಳ ಹಾಗೆ ನೋಡ್ಕೊಂಡಿದ್ದೀವಿ!" ಆಗ ಸಿಟ್ಟು ಬರುತ್ತಿತ್ತು. ಈಗ ಅನ್ನಿಸುತ್ತದೆ, ಪಾಪ, ಅವರು ಸುಳ್ಳೇನೂ ಹೇಳಿರಲಿಲ್ಲ. ಮನೆಮಗಳಿಗೂ ಕೆಲಸವಿತ್ತು, ಊಟವಿತ್ತು, ಹಬ್ಬಕ್ಕೊಂದು ಬಟ್ಟೆಯಿತ್ತು, ಪಾಲು ಮಾತ್ರ ಇರಲಿಲ್ಲ.

ಹಳ್ಳಿಯ ಸಾಮರಸ್ಯದ ಮಾತೂ ಇದೇ ಜಾತಿಯದು. ನಮ್ಮ ಕಾಲದಲ್ಲಿ ಊರೆಲ್ಲ ಒಂದೇ ಮನೆಯ ಹಾಗಿತ್ತು ಎಂದು ಹಿರಿಯರು ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. 2000ದ ಮಾರ್ಚ್ 11ರಂದು ಇದೇ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ಮಂದಿ ದಲಿತರನ್ನು ಜೀವಂತ ಸುಟ್ಟುಹಾಕಲಾಯಿತು. 2006ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. ಸಾಕ್ಷಿ ಹೇಳಬೇಕಾದವರು ಪ್ರತಿಕೂಲವಾಗಿ ತಿರುಗಿದ್ದರು. 2014ರಲ್ಲಿ ಹೈಕೋರ್ಟೂ ಆ ಖುಲಾಸೆಯನ್ನು ಎತ್ತಿಹಿಡಿಯಿತು. ಹಾಗಾದರೆ ಆ 7 ಮಂದಿ ಹೇಗೆ ಸತ್ತರು? ಸಾಕ್ಷಿಕಟ್ಟೆಯಲ್ಲಿ ನಿಂತವರು ಸಂಜೆ ಬಸ್ಸು ಹಿಡಿದು ಅದೇ ಸೀಮೆಗೆ ವಾಪಸು ಹೋಗಬೇಕಿತ್ತು, ಅವರಿವರ ಹೊಲಗಳ ನಡುವೆಯೇ ನಡೆದು ಬದುಕಬೇಕಿತ್ತು ಎನ್ನುವುದನ್ನು ಸ್ವಲ್ಪ ಯೋಚಿಸಿ. ಒಂದೇ ಮನೆಯ ಹಾಗೆ ಇರುವುದು ಎಂದರೆ ಕೆಲವರ ಪಾಲಿಗೆ ಬಾಯಿಬಿಡದೆ ಇರುವುದು. ಚಿಕ್ಕಬಳ್ಳಾಪುರ 2007ರಲ್ಲಿ ಬೇರೆ ಜಿಲ್ಲೆಯಾಯಿತು, ಕೋಲಾರದ ಫಲಕ ಇಳಿದು ಹೊಸ ಫಲಕ ಏರಿತು. ನಮ್ಮ ಶಾಲಾ ಸಮಾರಂಭಗಳ ಭಾಷಣಗಳಲ್ಲಿ ಕಂಬಾಲಪಲ್ಲಿಯ ಹೆಸರನ್ನು ನಾನು ಒಮ್ಮೆಯೂ ಕೇಳಿಲ್ಲ. ಬಾಂಧವ್ಯದ ಬಗ್ಗೆ ಅಷ್ಟು ಕಳವಳವಿರುವವರು ಅದನ್ನು ಹೇಗೆ ಮರೆತರೋ!

ಈಗ ನಮ್ಮ ಹೊಸ್ತಿಲಿನ ಒಳಗೆ ಬರೋಣ.

ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಶುರುವಾದ ಮೇಲೆ ಬೆಂಗಳೂರು ಉತ್ತರಕ್ಕೆ ಕೈಕಾಲು ಚಾಚಿತು. ಅಲ್ಲಿಯ ಬಿಸಿ ನಮ್ಮ ತನಕ ತಲುಪಿದೆ. ರಾಗಿ, ನೆಲಗಡಲೆ ಬಿತ್ತುತ್ತಿದ್ದ ಹೊಲಗಳ ಅಂಚಿನಲ್ಲಿ ಬಣ್ಣದ ಕಲ್ಲುಗಳು ನಿಂತಿವೆ. ಭೂಮಿಯ ಬೆಲೆ ಏರಿದಂತೆಲ್ಲ ಮರೆತುಹೋಗಿದ್ದ ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ನೆನಪಾಗತೊಡಗಿದ್ದಾರೆ. ಕೊಳ್ಳುವವನ ವಕೀಲ ಕೇಳುತ್ತಾನಲ್ಲ, ವಂಶವೃಕ್ಷ ಎಲ್ಲಿ, ಹೆಣ್ಣುಮಕ್ಕಳ ಸಹಿ ಎಲ್ಲಿ ಎಂದು! ಎಂಟು ವರ್ಷದಿಂದ ಫೋನು ಮಾಡದ ತಮ್ಮ ಕಾರು ತೆಗೆದುಕೊಂಡು ಬರುತ್ತಾನೆ. ಕಾರಿನಲ್ಲಿ ಹಣ್ಣು, ಹೂವು, ಒಂದು ರೇಷ್ಮೆ ಸೀರೆ, ಒಂದು ಪ್ಲಾಸ್ಟಿಕ್ ಫೈಲು. ಫೈಲಿನಲ್ಲಿ ಹಕ್ಕು ಬಿಡುಗಡೆ ಪತ್ರ.

ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಒಂದು ಬೆಳಗ್ಗೆ ನಿಂತು ನೋಡಿ. ಮರದ ನೆರಳಲ್ಲಿ ಸೆರಗು ಹೊದ್ದು ಕೂತ ಹೆಂಗಸರ ಸಾಲು ಕಾಣುತ್ತದೆ. ಒಳಗೆ ಕರೆದಾಗ ಹೋಗಿ ಹೆಬ್ಬೆರಳು ಒತ್ತಿ, ಕ್ಯಾಮೆರಾ ಕಡೆ ನೋಡಿ, ಹೊರಗೆ ಬರುತ್ತಾರೆ. ಎಷ್ಟು ಎಕರೆ, ಯಾವ ಸರ್ವೆ ನಂಬರು ಎಂದು ಕೇಳಿದರೆ "ಅದೆಲ್ಲ ನಮ್ಮಣ್ಣನಿಗೆ ಗೊತ್ತಮ್ಮ" ಎನ್ನುತ್ತಾರೆ. ಆಮೇಲೆ ಹೋಟೆಲಿನಲ್ಲಿ ಮಸಾಲೆದೋಸೆ. ಕುಟುಂಬದೊಳಗಿನ ಇಂಥ ಬಿಡುಗಡೆಗೆ ಸರ್ಕಾರ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿಯನ್ನೂ ಕೊಟ್ಟಿದೆ. ಬಾಂಧವ್ಯ ಅಗ್ಗ.

ಕಾನೂನು ಏನು ಹೇಳುತ್ತದೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಇದು ನಿನ್ನೆ ಮೊನ್ನೆ ಬಂದ ಹಕ್ಕೇನಲ್ಲ. ನಮ್ಮದು ಹಳೆಯ ಮೈಸೂರು ಸೀಮೆ. ಮಹಾರಾಜರ ಕಾಲದಲ್ಲೇ, 1933ರಲ್ಲಿ, ಹಿಂದೂ ಸ್ತ್ರೀಯರ ಹಕ್ಕುಗಳ ಬಗ್ಗೆ ಮೈಸೂರು ಒಂದು ಕಾಯ್ದೆ ಮಾಡಿ, ವಿಭಾಗದ ಸಮಯದಲ್ಲಿ ವಿಧವೆಯರಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಒಂದು ಪಾಲನ್ನು ಮಾನ್ಯ ಮಾಡಿತ್ತು. ಆಮೇಲೆ 1956ರ ಉತ್ತರಾಧಿಕಾರ ಕಾಯ್ದೆ. 1994ರ ಜುಲೈ 30ರಿಂದ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದು ಪಿತ್ರಾರ್ಜಿತದಲ್ಲಿ ಮಗಳೂ ಮಗನ ಹಾಗೆ ಹುಟ್ಟಿನಿಂದಲೇ ಪಾಲುದಾರಳಾದಳು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟರು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂತು, ಮದುವೆಯಾದವಳು ಆಗದವಳು ಎಂಬ ಭೇದ ಹೋಯಿತು. ಆ ದಿನ ತಂದೆ ಬದುಕಿರಬೇಕೋ ಬೇಡವೋ ಎಂಬ ಜಗಳ ಉಳಿದಿತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಆ ದಿನ ಬದುಕಿರಬೇಕೆಂದೇನೂ ಇಲ್ಲ ಎಂದು ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿ ಭಾಗವಾಗಿದ್ದರೆ ಅದನ್ನು ಮತ್ತೆ ಕೆದಕುವಂತಿಲ್ಲ. ತಂದೆ ತಾನೇ ದುಡಿದು ಮಾಡಿದ ಆಸ್ತಿಯನ್ನು ಉಯಿಲು ಬರೆದು ಯಾರಿಗೆ ಬೇಕಾದರೂ ಕೊಡಬಹುದು. ಮುಸ್ಲಿಂ ಮನೆಗಳಲ್ಲಿ ಮಗಳಿಗೆ ಮಗನ ಪಾಲಿನ ಅರ್ಧ ಎಂದು ಧರ್ಮಶಾಸ್ತ್ರವೇ ಹೇಳುತ್ತದೆ. ಅಲ್ಲಿಯೂ ಭಾಯಿಯ ಮುಖ ನೋಡಿ ಬಿಟ್ಟುಕೊಟ್ಟವರು ನನ್ನ ಹಳೆಯ ವಿದ್ಯಾರ್ಥಿನಿಯರಲ್ಲೇ ಇದ್ದಾರೆ.

ಕಾನೂನು ಇಷ್ಟು ದೂರ ನಡೆದು ಬಂದಿದೆ. ನಮ್ಮ ಗಾದೆ ಮಾತ್ರ ಅಲ್ಲೇ ಕೂತಿದೆ: ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಸ್ವಾರಸ್ಯ ನೋಡಿ, ಪಾಲು ಕೇಳುವ ಮೊದಲು ಹೊರಗಿನವಳು, ಸಹಿ ಬೇಕಾದ ದಿನ "ನೀನು ನಮ್ಮ ರಕ್ತ ಅಲ್ವೇನಕ್ಕಾ!"

ನನ್ನ ಮನೆಯ ವಿಷಯವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಊರಿಗೆಲ್ಲ ಉಪದೇಶ ಎಂದಾರು. ತಂದೆಯವರು ಹೋದ ಮೇಲೆ ತಮ್ಮಂದಿರಿಬ್ಬರೂ ಫೈಲು ಹಿಡಿದು ಬಂದರು. ಜೊತೆಗೆ ಅಮ್ಮ. ತಂಗಿಯ ಸಹಿ ಆಗಲೇ ಆಗಿತ್ತು. "ಅಕ್ಕಾ, ಬರೀ ಒಂದು ಸೈನು ಅಷ್ಟೇ" ಎಂದ ದೊಡ್ಡವನು. ಇಟ್ಟು ಹೋಗಪ್ಪ, ಓದಿ ಹೇಳ್ತೀನಿ ಎಂದೆ. "ಓದೋದೇನಿದೆ? ನಮ್ಮ ಮೇಲೆ ನಂಬಿಕೆ ಇಲ್ವಾ?" ಮಕ್ಕಳಿಗೆ 28 ವರ್ಷ ಓದುವುದನ್ನೇ ಕಲಿಸಿದವಳಿಗೆ ಓದಬೇಡ ಎನ್ನುವುದು ಎಂಥ ಮಾತು! ರಾತ್ರಿ ಓದಿದೆ. 'ನನ್ನ ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಸಹೋದರರ ಮೇಲಿನ ಪ್ರೀತಿ ವಿಶ್ವಾಸದಿಂದ' ಎಂದು ಟೈಪಾಗಿತ್ತು. ನನ್ನ ಪ್ರೀತಿ ವಿಶ್ವಾಸವನ್ನು ನನ್ನನ್ನು ಕೇಳದೆಯೇ ಪತ್ರ ಬರಹಗಾರ ಬರೆದಿಟ್ಟಿದ್ದ. ಬೆಳಗ್ಗೆ ಫೋನು ಮಾಡಿ, ಸಹಿ ಹಾಕುವುದಿಲ್ಲ, ನನ್ನ ಪಾಲು ನನಗೆ ಬೇಕು ಎಂದೆ.

ಸಂಬಳವಿದೆಯಲ್ಲ, ಮನೆಯವರಿಗೂ ಕೆಲಸವಿದೆಯಲ್ಲ, ನಿನಗೇಕೆ ಎಂದು ಕೇಳದವರಿಲ್ಲ. ತಮ್ಮಂದಿರಿಗೂ ಆದಾಯವಿದೆ, ಅವರನ್ನು ಯಾರೂ ಕೇಳಲಿಲ್ಲ. ಬಡವಳಾದರೆ ಮಾತ್ರ ಹೆಣ್ಣಿಗೆ ಪಾಲು ಎನ್ನುವುದಾದರೆ ಅದು ಪಾಲಲ್ಲ, ಭಿಕ್ಷೆ. ಅಂದಿನಿಂದ ಎರಡು ಗೌರಿ ಹಬ್ಬ ಕಳೆದಿವೆ, ತವರಿನಿಂದ ಬಾಗಿನ ಬಂದಿಲ್ಲ. ತಮ್ಮ ತೋಟಕ್ಕೆ ಹೋದ ಹೊತ್ತು ನೋಡಿ ಅಮ್ಮ ಫೋನು ಮಾಡುತ್ತಾಳೆ, ಪಿಸುಮಾತಿನಲ್ಲಿ. 80 ದಾಟಿದ ಹೆಂಗಸು ಹೆತ್ತ ಮಗಳ ಜೊತೆ ಮಾತಾಡಲು ಹೊತ್ತು ನೋಡಬೇಕು. ನನಗೆ ಇದರಲ್ಲಿ ನೋವಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಬಾಂಧವ್ಯವನ್ನು ಮುರಿದವಳು ನಾನು ಎಂದು ಊರು ಹೇಳುತ್ತಿದೆಯಲ್ಲ, ಅದನ್ನು ಮಾತ್ರ ಒಪ್ಪುವುದಿಲ್ಲ. ಒಂದು 'ಇಲ್ಲ'ಕ್ಕೆ ಮುರಿದುಬಿದ್ದದ್ದು ಅಲ್ಲಿ ಇತ್ತು ಎಂದು ಹೇಗೆ ನಂಬಲಿ?

ಅವರ ವಾದಗಳನ್ನೂ ಕೇಳೋಣ, ನ್ಯಾಯವಾಗಿ. ಮದುವೆಗೆ ಖರ್ಚು ಮಾಡಿದ್ದೇವೆ ಎನ್ನುತ್ತಾರೆ. ತಮ್ಮಂದಿರ ಮದುವೆಯೇನು ಬಿಟ್ಟಿ ಆಯಿತೇ? ಕೊಟ್ಟದ್ದು ವರದಕ್ಷಿಣೆಯಾದರೆ, 1961ರ ಕಾಯ್ದೆಯ ಪ್ರಕಾರ ಅದು ಅಪರಾಧ, ಮೇಲಾಗಿ ಅದು ಸೇರಿದ್ದು ನಮ್ಮ ಕೈಗಲ್ಲ. ಓದಿಸಿದ್ದೇವೆ ಎನ್ನುತ್ತಾರೆ. ನನ್ನ ಬಿ.ಎಡ್. ಶುಲ್ಕ ಗೂಡು ಮಾರಿದ ದುಡ್ಡಿನದು ನಿಜ. ಆ ಗೂಡಿನ ಸೊಪ್ಪು ಬಿಡಿಸಿದವರಲ್ಲಿ, ಹಾಸಿಗೆ ತೆಗೆದವರಲ್ಲಿ ನಾನೂ ಒಬ್ಬಳು, ಕೂಲಿ ಇಲ್ಲದೆ. ತೂಕದ ವಾದ ಒಂದಿದೆ, ಅದನ್ನು ಹಗುರವಾಗಿ ನೋಡಲಾರೆ: ಅಪ್ಪ ಅಮ್ಮನನ್ನು ಕಡೆಗಾಲದಲ್ಲಿ ನೋಡಿಕೊಂಡವರು ನಾವು ಎನ್ನುವುದು. ನಿಜ. ಆದರೆ ನೋಡಿಕೊಂಡವರು ಯಾರು? ಎರಡು ವರ್ಷ ನಮ್ಮ ತಂದೆಯ ಹಾಸಿಗೆ ಬದಲಿಸಿದವಳು, ಗಂಜಿ ಕುಡಿಸಿದವಳು ನನ್ನ ತಮ್ಮನ ಹೆಂಡತಿ. ಅವಳಿಗೆ ಅರ್ಧ ಎಕರೆ ಬರೆದುಕೊಡಲಿ, ನನ್ನ ಪಾಲಿನಿಂದಲೂ ಸೇರಿಸುತ್ತೇನೆ ಎಂದೆ. ಅದಕ್ಕೆ ಮನೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ. ಆ ಹುಡುಗಿಯೂ ತವರಿನಲ್ಲಿ ಸಹಿ ಹಾಕಿ ಬಂದವಳೇ.

ಬಿಟ್ಟುಕೊಡುವುದರಲ್ಲೇ ದೊಡ್ಡತನ ಎನ್ನುವವರಿಗೆ ನಮ್ಮ ಶಾಲೆಯ ವಿಜ್ಞಾನದ ಮೇಡಂ ಹೇಳಿದ ಮಾತು ಹೇಳುತ್ತೇನೆ. ಅಡುಗೆ ಉಪ್ಪಿನಲ್ಲಿ ಸೋಡಿಯಂ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ, ಕ್ಲೋರಿನ್ ಪಡೆಯುತ್ತದೆ, ಅದರಿಂದಲೇ ಬಂಧ ಏರ್ಪಡುತ್ತದೆ. "ನೋಡಿದ್ರಾ, ತ್ಯಾಗದಿಂದಲೇ ಬಂಧ!" ಎಂದು ಸಿಬ್ಬಂದಿ ಕೊಠಡಿಯಲ್ಲಿದ್ದ ಗಂಡಸರು ನಕ್ಕರು. ಮೇಡಂ ತಣ್ಣಗೆ ಹೇಳಿದರು: "ಬಿಟ್ಟುಕೊಟ್ಟ ಮೇಲೆ ಸೋಡಿಯಂ ಸ್ಥಿರವಾಗುತ್ತೆ ಸಾರ್. ಅಕ್ಕತಂಗೀರು ಆಗ್ತಾರಾ?" ಮನಸಾರೆ ಕೊಡುವ ಅಕ್ಕಂದಿರೂ ಇದ್ದಾರೆ, ಅವರ ಮೇಲೆ ನನ್ನ ತಕರಾರಿಲ್ಲ. ಕೊಡುವವಳಿಗೆ ತಾನು ಏನನ್ನು ಕೊಡುತ್ತಿದ್ದೇನೆ ಎಂದು ಗೊತ್ತಿರಬೇಕು, ಕೊಡದಿದ್ದರೂ ತವರಿನ ಬಾಗಿಲು ತೆರೆದಿರುತ್ತದೆ ಎಂಬ ಧೈರ್ಯ ಇರಬೇಕು. ಅವೆರಡಿಲ್ಲದೆ ಬಂದದ್ದು ದಾನವಲ್ಲ, ವಸೂಲಿ.

ಹಾಗಾದರೆ ಲೆಕ್ಕ ಮಾತಾಡಿದರೆ ಪ್ರೀತಿ ಉಳಿಯುತ್ತದೆಯೇ ಎಂದು ನೀವು ಕೇಳಬಹುದು. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಿ ನೋಡಿ. 1959ರ ಕಾಯ್ದೆಯಿಂದಾಗಿ ಗೂಡು ಸರ್ಕಾರಿ ಮಾರುಕಟ್ಟೆಯಲ್ಲಿ ಬಹಿರಂಗ ಹರಾಜಿಗೆ ಬರಬೇಕು. ತರುವ ರೈತರು ಬಹುಪಾಲು ಹಿಂದೂಗಳು, ಕೊಳ್ಳುವ ರೀಲರುಗಳು ಬಹುಪಾಲು ಮುಸ್ಲಿಮರು. ಗೂಡನ್ನು ಕೈಗೆ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ, ಬೆಲೆ ಕೂಗುತ್ತಾರೆ. ಬೆಲೆ ಒಪ್ಪದಿದ್ದರೆ ರೈತ ಇಲ್ಲ ಎನ್ನಬಹುದು. ಈಗ ಇ-ಹರಾಜು ಬಂದಿದೆ, ಆದರೂ ಈ ಇಲ್ಲ ಎನ್ನುವ ಹಕ್ಕು ಉಳಿದಿದೆ. ಬೆಲೆ ಮಾತಾಡಿದ್ದರಿಂದ ನಂಟು ಕೆಟ್ಟಿತೆಂದು ಅಲ್ಲಿ ಯಾರೂ ಅಳುವುದಿಲ್ಲ. ಮುಂದಿನ ಬೆಳೆಗೆ ಅದೇ ರೈತ ಬರುತ್ತಾನೆ, ಅದೇ ರೀಲರ್ ಇರುತ್ತಾನೆ, ಮಗಳ ಮದುವೆಯ ಕರೆಯೋಲೆ ಅತ್ತಿಂದಿತ್ತ ಹೋಗುತ್ತದೆ. ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಎರಡೂ ಕಡೆಯವರು ಹೋಗುತ್ತಾರೆ. ಇವರ ನಡುವೆ ಜಗಳವೇ ಇಲ್ಲ ಎಂದು ನಾನು ಬಣ್ಣ ಬಳಿಯುವುದಿಲ್ಲ. ತೂಕದ ಮೇಲೆ, ಹಣ ತಡವಾದದ್ದರ ಮೇಲೆ ಬೇಕಾದಷ್ಟು ಜಗಳವಿದೆ. ಜಗಳವಾಡಲು ಬರುವಷ್ಟು ಜಾಗ ಇದೆ ಎನ್ನುವುದೇ ನನಗೆ ಮುಖ್ಯವಾಗಿ ಕಾಣುತ್ತದೆ.

ನಮ್ಮ ಅಂಬಾಜಿದುರ್ಗವೂ ಹಾಗೇ, ಹಳೆಯ ಗೆಜೆಟಿಯರುಗಳು 4,399 ಅಡಿ ಎತ್ತರ ಎಂದು ಬರೆದ ಬೆಟ್ಟ. ಅದರ ಕಲ್ಲಿನ ಒಂದು ಚೂರನ್ನು ಬಿಸಿಲಿಗೆ ಹಿಡಿದರೆ ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರದ ಹರಳುಗಳು ಬೇರೆಬೇರೆಯಾಗಿ ಮಿನುಗುತ್ತವೆ. ಕರಗಿದ ಶಿಲೆ ಭೂಮಿಯ ಆಳದಲ್ಲಿ ನಿಧಾನವಾಗಿ ಆರುವಾಗ ಒಂದೊಂದು ಹರಳೂ ಪಕ್ಕದ್ದರ ಅಂಚು ಸಿಗುವ ತನಕ ಬೆಳೆದು ಹಲ್ಲಿಗೆ ಹಲ್ಲು ಕೂಡಿಕೊಂಡದ್ದು ಅದು. ನಡುವೆ ಅಂಟು ಎಂಬುದಿಲ್ಲ. ಕುದಿಸಿದರೆ ಬಿಡುವಂಥದ್ದೂ ಅಲ್ಲ.

ನಿಮ್ಮಲ್ಲಿ ಯಾರ ಮನೆಗಾದರೂ ಅಂಥ ಫೈಲು ಬಂದಿದ್ದರೆ, ಬರುವುದಿದ್ದರೆ, ಒಂದು ರಾತ್ರಿ ಇಟ್ಟುಕೊಳ್ಳಿ. ಎಷ್ಟೇ ಅವಸರ ಮಾಡಿದರೂ ಇಟ್ಟುಕೊಳ್ಳಿ. ಸರ್ವೆ ನಂಬರು ಬರೆದುಕೊಂಡು ನಾಡಕಚೇರಿಯಲ್ಲಿ ಪಹಣಿ ತೆಗೆಸಿ, ಯಾರ ಹೆಸರಿದೆ, ಎಷ್ಟಿದೆ, ಹೇಗೆ ಬಂದದ್ದು ಎಂದು ನೋಡಿ. ಅಮ್ಮ ಇದ್ದರೆ ಅವರ ಪಾಲು ಏನಾಯಿತೆಂದು ಕೇಳಿ. ಎಲ್ಲರೂ ಮೊದಲು ಮರೆಯುವುದು ಅದನ್ನೇ. ವಕೀಲರಿಗೆ ಕೊಡಲು ದುಡ್ಡಿಲ್ಲ ಎನ್ನಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ನ್ಯಾಯಾಲಯದ ಆವರಣದಲ್ಲಿ ಕೇಳಿದರೆ ತೋರಿಸುತ್ತಾರೆ. ಎಲ್ಲ ನೋಡಿದ ಮೇಲೆ ಕೊಡಬೇಕೆನಿಸಿದರೆ ಕೊಡಿ, ಬೇಡವೆನಿಸಿದರೆ ಫೈಲನ್ನು ವಾಪಸು ಕಳಿಸಿ. ಸೀರೆಯನ್ನು ಮಾತ್ರ ಕಳಿಸಬೇಕಾಗಿಲ್ಲ. ನಾನು ಇಟ್ಟುಕೊಂಡಿದ್ದೇನೆ, ಗಿಳಿಹಸಿರು, ಕೆಂಪು ಅಂಚು, ಮೊನ್ನೆ ಶಾಲೆಯ ಸಮಾರಂಭಕ್ಕೆ ಉಟ್ಟಿದ್ದೆ.